ಹೊಳೆ ನುಂಗದ ಸೆಟ್

ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ರಸ್ತೆಯಲ್ಲಿ ಪೀರ್‌ಸಾಬರ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಬಾಗಿಲಿನ ಆಚೆವರೆಗೂ ಸಾಲಾಗಿ ಬಿದ್ದಿರುತ್ತವೆ. ಅಂಗಡಿಯ ಹಿಂದಿನ ಗೋಡೆಗೆ ಒಂದು ಚಿಕ್ಕ ಬಾಗಿಲು. ಅದರಾಚೆಯ ಕೋಣೆಯಲ್ಲಿ ಕೂರುವವರು ಪೀರ್‌ಸಾಬರ ಹೆಂಡತಿ ದಿಲ್‌ಶಾದ್ ಬೇಗಂ. ಮೋಟಾರ್ ತಂದ ರೈತರಿಗೆ ಆ ಕೋಣೆಯ ಸುದ್ದಿ ಗೊತ್ತಿಲ್ಲ. ಆದರೆ ಹುಬ್ಬಳ್ಳಿ, ಮೈಸೂರು, ಉಡುಪಿಯಿಂದ ದಪ್ಪ ದಪ್ಪ ಪಾರ್ಸೆಲ್ಲುಗಳು ಬರುವುದು ಅಲ್ಲಿಗೇ. ಸರ್ಕಾರದ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಿಂದಲೇ ಸ್ವಂತ ರೇಡಿಯೊದಲ್ಲಿ ದೇಶ ವಿದೇಶಗಳ ಜೊತೆ ಮಾತಾಡುವ ಹವ್ಯಾಸಿಗಳಿದ್ದಾರಲ್ಲ, ಹ್ಯಾಮ್‌ಗಳು ಅಂತಾರೆ ಅವರನ್ನು, ಅವರ ನಲವತ್ತು ಐವತ್ತು ವರ್ಷದ ಹಳೇ ಸೆಟ್ಟುಗಳನ್ನು ಎಬ್ಬಿಸಿ ಕೂರಿಸುವುದು ದಿಲ್‌ಶಾದ್ ಅವರ ಕೆಲಸ. ಅವರಿಗೂ ಲೈಸೆನ್ಸ್ ಇದೆ, ಗಾಳಿಯಲ್ಲಿ ಹೆಸರಿನ ಬದಲು ಹೇಳಿಕೊಳ್ಳುವ ಸ್ವಂತದ್ದೊಂದು ಸಂಕೇತವೂ ಇದೆ.

ಚನ್ನಗಿರಿ ಅವರ ತವರು. ಅಪ್ಪನದು ಮೈಕ್ ಸೆಟ್ ಬಾಡಿಗೆ ಅಂಗಡಿ. ಮದುವೆ, ಉರುಸು, ಚುನಾವಣೆ ಅಂತ ಊರೂರು ಸುತ್ತಿ ಬಂದ ಆಂಪ್ಲಿಫೈಯರುಗಳ ಧೂಳು ಒರೆಸುವುದು ಮಗಳ ಪಾಲಿನ ಕೆಲಸವಾಗಿತ್ತು. ವಾಲ್ವ್ ಅನ್ನುವ ಬಿಸಿ ಗಾಜಿನ ಬುರುಡೆಯ ಮೇಲೆ ಧೂಳು ಸುಡುವ ವಾಸನೆ ಬಂದರೆ ಈಗಲೂ ಅವರಿಗೆ ಅಪ್ಪನ ಅಂಗಿ ನೆನಪಾಗುತ್ತದೆ. ಇಪ್ಪತ್ತಕ್ಕೆ ಮದುವೆಯಾಗಿ ನ್ಯಾಮತಿಗೆ ಬಂದರು. ಗಂಡನ ಪಕ್ಕ ಕೂತು ತಾಮ್ರದ ತಂತಿ ಸುತ್ತುವುದು, ಸುತ್ತಿದ ಕಾಯಿಲನ್ನು ಹತ್ತಿ ದಾರದಲ್ಲಿ ಬಿಗಿದು ಕಟ್ಟುವುದು, ಕಟ್ಟಿದ್ದರ ಮೇಲೆ ಕೆಂಪು ವಾರ್ನಿಶ್ ಬಳಿಯುವುದು ಕಲಿತರು. ಒಂದೆರಡು ವರ್ಷಕ್ಕೆ ಗಂಡನಿಗಿಂತ ಕೈ ಚುರುಕಾಯಿತು.

ಇದಕ್ಕೆ ರೇಡಿಯೊ ಸೇರಿಕೊಂಡದ್ದು ರಘುನಾಥ ಮೇಷ್ಟ್ರಿಂದ. ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಸುಟ್ಟ ಟ್ರಾನ್ಸ್‌ಫಾರ್ಮರ್ ಒಂದನ್ನು ಚೀಲದಲ್ಲಿ ಹೊತ್ತುಕೊಂಡು ಅಂಗಡಿಗೆ ಬಂದಿದ್ದರು. ಅವರ ಹಳೇ ಟ್ರಾನ್ಸ್‌ಮಿಟರಿಗೆ ಎಂಟುನೂರು ವೋಲ್ಟ್ ಕೊಡುವಂಥದ್ದು. ಪೀರ್‌ಸಾಬರು ನೋಡಿ ಕೈಚೆಲ್ಲಿಬಿಟ್ಟರು.

"ಇದು ನಮ್ ಕೈಲಿ ಆಗಾಕಿಲ್ಲ ಮೇಷ್ಟ್ರೆ. ಬೆಂಗ್ಳೂರಿಗೆ ಕಳಸ್ರಿ."

ಒಳಗಿಂದ ದಿಲ್‌ಶಾದ್ ಕೇಳಿಸಿಕೊಂಡು ಹೊರಗೆ ಬಂದರು. "ಇಟ್ಟು ಹೋಗ್ರಿ. ಬಿಚ್ಚಿ ಸುತ್ತು ಎಣಿಸ್ತೀನಿ. ಎಷ್ಟು ಸುತ್ತು ಐತೋ ಅಷ್ಟೇ ಸುತ್ತಿದ್ರೆ ಆಯ್ತಲ್ಲ, ಅದ್ರಾಗೇನೈತಿ?"

ಹನ್ನೊಂದು ದಿನ ಹಿಡಿಯಿತು. ಪದರ ಪದರಕ್ಕೂ ಎಣ್ಣೆ ಕಾಗದ ಹಾಕಿ, ಮೂರು ಸಲ ಬಿಚ್ಚಿ ಸುತ್ತಿ ಕೊಟ್ಟರು. ಮೇಷ್ಟ್ರ ಟ್ರಾನ್ಸ್‌ಮಿಟರ್ ಮತ್ತೆ ಮಾತಾಡಿತು. ಆ ಹೊತ್ತಿನಿಂದ ಮೇಷ್ಟ್ರು ಅವರನ್ನು ತಂಗಿ ಅಂತ ಕರೆದರು. ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬಂದು ಸರ್ಕ್ಯೂಟ್ ಓದುವುದು ಕಲಿಸಿದರು. ಚಹದ ಬಸಿಗೆ ಚಮಚ ಬಡಿದು ಮೋರ್ಸ್ ಸಂಕೇತ ಹೇಳಿಕೊಟ್ಟರು. ಪರೀಕ್ಷೆಗೆ ತಾವೇ ಜೊತೆಗೆ ಹೋದರು. ಲೈಸೆನ್ಸ್ ಬಂದ ದಿನ ಪೀರ್‌ಸಾಬರು ಬೀದಿಗೆಲ್ಲ ಜಿಲೇಬಿ ಹಂಚಿದರು. ದಿಲ್‌ಶಾದ್ ಮೊದಲ ಜಿಲೇಬಿಯನ್ನು ಮೇಷ್ಟ್ರ ಕೈಗಿಟ್ಟರು. ಒಡಹುಟ್ಟಿದ ಅಣ್ಣಂದಿರು ಇಬ್ಬರಿದ್ದರು ಅವರಿಗೆ. ಇಬ್ಬರೂ ಹತ್ತನೇ ಕ್ಲಾಸಿನ ಪುಸ್ತಕ ಕೂಡ ಕೊಡಿಸಿರಲಿಲ್ಲ.

ದಿಲ್‌ಶಾದ್ ಅವರ ಮೊದಲ ಸೆಟ್ ಗುಜರಿಯಿಂದ ಬಂದದ್ದು. ಜಪಾನಿನದು, ಅರ್ಧ ಟ್ರಾನ್ಸಿಸ್ಟರು, ಅರ್ಧ ವಾಲ್ವು. ಇಲಿ ಕಡಿದು ಒಳಗಿನ ವೈರುಗಳೆಲ್ಲ ಚಿಂದಿಯಾಗಿದ್ದವು. ಎರಡು ವರ್ಷ ಕೂತು ಒಂದೊಂದೇ ವೈರು ಬದಲಾಯಿಸಿದರು. ರೇಡಿಯೊ ಮಾಡುವವರು ಯಾರೂ ಹಾಗೆ ಕಟ್ಟುವುದಿಲ್ಲ, ಆದರೆ ಅವರಿಗೆ ಗೊತ್ತಿದ್ದದ್ದು ಅದೊಂದೇ: ವೈರುಗಳನ್ನು ಗಂಟುಗಂಟಾಗಿ ಮೋಟಾರಿನ ಹತ್ತಿ ದಾರದಲ್ಲಿ ಬಿಗಿದು, ಗಂಟಿನ ಮೇಲೆ ಕೆಂಪು ವಾರ್ನಿಶ್ ಬಳಿದರು. ಆ ಸೆಟ್ಟಿನಲ್ಲಿ ಮೊದಲ ಸಲ ಕೂಗಿದಾಗ ಶ್ರೀಲಂಕಾದಿಂದ ಒಬ್ಬರು ಉತ್ತರ ಕೊಟ್ಟರು.

ಏಳು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಮೇಷ್ಟ್ರು ಆ ಸೆಟ್ ಕೇಳಿದರು. ಮಕ್ಕಳ ಬೇಸಿಗೆ ಶಿಬಿರದಲ್ಲಿ ತೋರಿಸುತ್ತೇನೆ, ಎಂಟು ದಿನ ಸಾಕು ಅಂದರು. ದಿಲ್‌ಶಾದ್ ಹಳೇ ಕೌದಿಯಲ್ಲಿ ಸುತ್ತಿ ಕೊಟ್ಟರು. ಎಂಟು ದಿನ ತಿಂಗಳಾಯಿತು. ಗುರುವಿನ ಹತ್ತಿರ ಇದೆ, ಎಲ್ಲಿಗೆ ಹೋಗುತ್ತದೆ ಅಂತ ಇವರೂ ಕೇಳಲಿಲ್ಲ. ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ಹ್ಯಾಮ್‌ಗಳೆಲ್ಲ ಅಲ್ಲಲ್ಲಿ ಸೆಟ್ ಹಿಡಿದು ಕೂತು ಸುದ್ದಿ ಮುಟ್ಟಿಸಿದರು. ನೀರು ಇಳಿದ ಮೇಲೆ ಮೇಷ್ಟ್ರು ನ್ಯಾಮತಿಗೆ ಬಂದು ತಲೆ ತಗ್ಗಿಸಿ ಕೂತರು.

"ತಂಗೀ, ನಿನ್ನ ಸೆಟ್ ಉಳಿಸಿಕೊಳ್ಳೋಕೆ ಆಗಲಿಲ್ಲ. ಸಾಸ್ವೆಹಳ್ಳಿ ಹತ್ತಿರ ಹೊಳೆ ದಂಡೇಲಿ ಒಂದು ಕೊಟ್ಟಿಗೇಲಿ ಇಟ್ಟಿದ್ದೆ. ಒಂದೇ ಸಲಕ್ಕೆ ನೀರು ಬಂತು. ಜನ ಓಡಿದ್ವಿ, ಸೆಟ್ ಹೋಯ್ತು."

ದಿಲ್‌ಶಾದ್ ಕಣ್ಣು ಒರೆಸಿಕೊಂಡರು. "ಜನ ಉಳುದ್ರಲ್ಲ ಮೇಷ್ಟ್ರೆ. ಹೋಗ್ಲಿ ಬಿಡ್ರಿ."

ಹ್ಯಾಮ್‌ಗಳ ಕ್ಲಬ್ಬಿನಿಂದ ಬೇರೆ ಸೆಟ್ ಕೊಡಿಸುವ ಮಾತು ಬಂತು. ಹೊಳೆ ಪಾಲಾದದ್ದಕ್ಕೆ ಬದಲಿ ಕೇಳಬಾರದು ಅಂತ ಇವರೇ ಬೇಡವೆಂದು, ಗುಜರಿ ಸಾಮಾನಿನಿಂದ ಇನ್ನೊಂದು ಸೆಟ್ ಕಟ್ಟಿಕೊಂಡರು. ಆ ವರ್ಷ ದಾವಣಗೆರೆಯಲ್ಲಿ ನಡೆದ ಹ್ಯಾಮ್‌ಗಳ ಸಭೆಯಲ್ಲಿ ಮೇಷ್ಟ್ರು ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. "ಈ ತಂಗಿಯ ಸೆಟ್ ಹೊಳೆಗೆ ಹೋಯ್ತು, ಆದರೆ ಜನರನ್ನ ಉಳಿಸಿ ಹೋಯ್ತು" ಅಂದರು. ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆಮೇಲಿನ ವರ್ಷಗಳಲ್ಲೂ ಸಭೆ ನಡೆದಾಗಲೆಲ್ಲ ಆ ಕಥೆ ಬಂತು, ಚಪ್ಪಾಳೆಯೂ ಬಂತು. ಯಾರಿಗೂ ಹೇಳಿಕೊಳ್ಳದ ಒಂದು ಹೆಮ್ಮೆ ದಿಲ್‌ಶಾದ್ ಎದೆಯಲ್ಲಿ ಮನೆ ಮಾಡಿತ್ತು.

ಈ ವರ್ಷ ಜನವರಿಯಲ್ಲಿ ಜಗಳೂರು ಕಡೆಯ ಸೊಕ್ಕೆಯಿಂದ ಓಬಳೇಶ್ ಎಂಬುವವರು ಬಂದರು. ಊರಿನ ಹಾಲಿನ ಡೇರಿಯ ಕಾರ್ಯದರ್ಶಿ, ನಲವತ್ತರ ಆಸುಪಾಸು. ಹೊಸದಾಗಿ ಪರೀಕ್ಷೆ ಪಾಸಾಗಿ, ಬೆಳಗಾವಿಯ ಒಬ್ಬ ಹಿರಿಯರಿಂದ ಹಳೇ ಸೆಟ್ ಕೊಂಡಿದ್ದರು.

"ಅಕ್ಕಾ, ಹತ್ತು ನಿಮಿಷ ಚೆನ್ನಾಗಿ ಮಾತಾಡ್ತೈತೆ. ಆಮ್ಯಾಲೆ ಬಿಸಿಯಾಗಿ ಪವರ್ರೇ ಬಿದ್ದೋಗ್ತೈತೆ. ಏನಾಗೈತೋ ಒಸಿ ನೋಡ್ರಿ."

"ಕೂರ್ರಿ. ಚಹ ಕುಡೀರಿ, ನೋಡಾನ."

ಮಾದರಿ ನೋಡಿ ದಿಲ್‌ಶಾದ್ ಅವರಿಗೆ ತಮ್ಮ ಹಳೇ ಸೆಟ್ ನೆನಪಾಯಿತು. ಅಂಥವು ನಾಡಿನಲ್ಲಿ ನೂರಾರು ಇವೆ, ಅದರಲ್ಲೇನೂ ವಿಶೇಷವಿಲ್ಲ. ಮುಂದಿನ ಫಲಕ ಹೊಸದು, ಗುಂಡಿಗಳೂ ಬೇರೆ. ಮುಚ್ಚಳ ತೆಗೆಯದೆ ಮೊದಲು ಹಚ್ಚಿ ನೋಡಿದರು. ಕೊನೆಯ ಎರಡು ವಾಲ್ವುಗಳ ಕರೆಂಟು ಸುಮ್ಮನೆ ಇದ್ದಾಗಲೂ ಮೆಲ್ಲಗೆ ಮೇಲೇರುತ್ತಿತ್ತು. ವಾಲ್ವುಗಳನ್ನು ಹಿಡಿತದಲ್ಲಿಡಲು ಮೈನಸ್ ಐವತ್ತು ವೋಲ್ಟ್ ಇರಬೇಕಾದ ಕಡೆ, ಸೆಟ್ ಕಾದಂತೆ ನಲವತ್ತಾಗಿ ಮೂವತ್ತಾಗಿ ಇಳಿಯುತ್ತಿದೆ ಅಂತ ಲೆಕ್ಕ. ಹಿಂದಿನ ಹಂತದಿಂದ ಬರುವ ಒಂದು ಕೆಪಾಸಿಟರ್ ಸೋರುತ್ತಿರಬೇಕು. ಹಳೇ ಸೆಟ್ಟುಗಳ ಮಾಮೂಲಿ ಕಾಯಿಲೆ ಅದು.

ಪ್ಲಗ್ ಕಿತ್ತು, ಸೆಟ್ ಮಗುಚಿ, ಕೆಳಗಿನ ತಗಡು ಬಿಚ್ಚಿದರು. ಕೈ ಅಲ್ಲೇ ನಿಂತಿತು.

ವೈರುಗಳು ಹತ್ತಿ ದಾರದ ಗಂಟುಗಳಲ್ಲಿ ಬಿಗಿದಿದ್ದವು. ಗಂಟುಗಳ ಮೇಲೆ ಕೆಂಪು ವಾರ್ನಿಶ್. ಒಂದು ಮೂಲೆಯಲ್ಲಿ ದಾರ ಸಾಲದೆ ಬೇರೆ ದಾರ ಸೇರಿಸಿ ಹಾಕಿದ ಜೋಡುಗಂಟು ಕೂಡ ಇತ್ತು. ಅದನ್ನು ಹಾಕಿದ ಮಧ್ಯಾಹ್ನ ಪೀರ್‌ಸಾಬರು ದಾರದ ಉಂಡೆ ತರಲು ಶಿವಮೊಗ್ಗಕ್ಕೆ ಹೋಗಿದ್ದರು.

ದಿಲ್‌ಶಾದ್ ಟಾರ್ಚ್ ಹಚ್ಚಿ ವಾಲ್ವುಗಳ ಬುಡ ನೋಡಿದರು. ನೀರಲ್ಲಿ ಮುಳುಗಿದ ಮೋಟಾರು, ಮಿಕ್ಸರು, ಟೀವಿ ಎಷ್ಟೋ ಬಿಚ್ಚಿದವರು ಅವರು. ಎಷ್ಟೇ ತೊಳೆದರೂ ಹೊಳೆಯ ಮೆಕ್ಕಲು ಮಣ್ಣು ಸಂದಿಯಲ್ಲಿ ಕಚ್ಚಿಕೊಂಡಿರುತ್ತದೆ. ಇಲ್ಲಿ ಒಂದು ಕಣವೂ ಇರಲಿಲ್ಲ. ತಗಡಿಗೆ ತುಕ್ಕಿನ ಕಲೆಯೂ ಇರಲಿಲ್ಲ.

"ಓಬಳೇಶಪ್ಪಾ," ಅಂದರು, ದನಿ ತಗ್ಗಿಸಿ, "ಬೆಳಗಾಂನೋರಿಗೆ ಇದು ಎಲ್ಲಿಂದ ಬಂದಿದ್ದಂತೆ? ಒಂದು ಫೋನ್ ಹಚ್ಚಿ ಕೇಳ್ರಿ."

ಓಬಳೇಶ್ ಸ್ಪೀಕರ್ ಹಾಕಿ ಫೋನ್ ಮಾಡಿದರು. ಆ ಹಿರಿಯರಿಗೆ ಮುಚ್ಚಿಡಲು ಏನೂ ಇರಲಿಲ್ಲ, ಸಂತೋಷದಿಂದಲೇ ಹೇಳಿದರು. "ಅದಾ? ಹೊನ್ನಾಳಿ ರಘುನಾಥ್ ಕೊಟ್ಟಿದ್ದು. ಅದರ ಬದ್ಲಿ ನನ್ನ ಲೀನಿಯರ್ ಆಂಪ್ಲಿಫೈಯರ್ ಒಯ್ದರು. ಏಳು ವರ್ಷ ಆತು ನೋಡ್ರಿ, ಜೂನ್ ತಿಂಗಳು. ಮಳಿ ಇನ್ನೂ ಹಿಡಿದಿರಲಿಲ್ಲ."

ಜೂನ್. ಹೊಳೆ ಉಕ್ಕಿದ್ದು ಆಗಸ್ಟಿನಲ್ಲಿ.

ಆ ಆಂಪ್ಲಿಫೈಯರನ್ನು ದಿಲ್‌ಶಾದ್ ಚೆನ್ನಾಗಿ ಬಲ್ಲರು. ಎರಡು ದೊಡ್ಡ ವಾಲ್ವಿನ ಪೆಟ್ಟಿಗೆ. ಸೆಟ್ಟಿನ ದನಿಯನ್ನು ನಾಲ್ಕು ಪಟ್ಟು ಮಾಡಿ ಕಳಿಸುವಂಥದ್ದು. ಗೆಳೆಯರೊಬ್ಬರು ಪ್ರೀತಿಯಿಂದ ಕೊಟ್ಟರು ಅಂತ ಮೇಷ್ಟ್ರು ಹೇಳಿದ್ದರು. ಮರುವರ್ಷವೇ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟಾಗ, ಎರಡು ಸಾವಿರ ವೋಲ್ಟಿಗೆ ಹತ್ತೊಂಬತ್ತು ದಿನ ಕೂತು ಮತ್ತೆ ಸುತ್ತಿದವರು ಇವರೇ. ಗುರುವಿನ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದೇ ಅಂತ ತಂತಿಯ ಹಣವನ್ನೂ ಮುಟ್ಟಿರಲಿಲ್ಲ. ತಮ್ಮ ಸೆಟ್ ಕೊಟ್ಟು ತಂದ ಪೆಟ್ಟಿಗೆಯನ್ನು ತಮ್ಮ ಕೈಯಾರೆ ಆರು ವರ್ಷ ಸಾಕಿದ್ದರು.

ಓಬಳೇಶ್‌ಗೆ ವಿಷಯ ತಿಳಿದಾಗ ಅವರ ಮುಖ ಬಾಡಿತು. "ಅಕ್ಕಾ, ಹಂಗಾದ್ರೆ ಇದು ನಿಮ್ದು. ಇಟ್ಕಳ್ರಿ. ಬೆಳಗಾಂನೋರ ಹತ್ರ ನಾನು ಮಾತಾಡ್ಕಂತೀನಿ."

"ನೀವೂ ದುಡ್ಡು ಕೊಟ್ಟು ಕೊಂಡಿದ್ದು, ಅವ್ರೂ ಬದ್ಲಿ ಕೊಟ್ಟು ತಗಂಡಿದ್ದು. ಇಬ್ರದೂ ತಪ್ಪಿಲ್ಲ. ಸೆಟ್ ನಿಮ್ದೇ." ಸೋರುತ್ತಿದ್ದ ಕೆಪಾಸಿಟರ್ ಕತ್ತರಿಸಿ ಹೊಸದು ಬೆಸೆದರು. ಕರೆಂಟು ಅಲುಗದೆ ನಿಂತಿತು. ಬೆಸುಗೆಯನ್ನು ಮಾತ್ರ ಎರಡು ಸಲ ಹಾಕಬೇಕಾಗಿತ್ತು.

ಓಬಳೇಶ್ ಹೋದ ಮೇಲೆ ಪೀರ್‌ಸಾಬರು ಒಳಗೆ ಬಂದು ಎಲ್ಲ ಕೇಳಿಸಿಕೊಂಡರು. "ನಂಬಿದ ಎಮ್ಮೆ ಕೋಣ ಈಯ್ತು" ಅಂದರು. "ಈಗ ಏನ್ ಮಾಡ್ತೀಯಾ?"

"ಅವ್ರ ಆಂಪ್ಲಿಫೈಯರ್ ಕೆಟ್ಟೈತೆ ಅಂತ ಮೊನ್ನೆನೇ ಕರ್ದಾರೆ. ಗುರುವಾರ ಬರ್ತೀನಿ ಅಂದೀನಿ. ಹೋಗ್ತೀನಿ."

ಗುರುವಾರ ಬೆಳಗ್ಗೆ ಬಸ್ಸಿನಲ್ಲಿ ಹೊನ್ನಾಳಿಗೆ ಹೋದರು. ಮೇಷ್ಟ್ರು ಎಂದಿನಂತೆ ಬಾಗಿಲಿಗೇ ಬಂದು, "ಬಾ ತಂಗೀ, ನೀನು ಬಂದ್ಯಲ್ಲ, ಇನ್ನು ಚಿಂತೆ ಇಲ್ಲ" ಅಂದರು. ಅವರ ಹೆಂಡತಿ ಒಗ್ಗರಣೆ ಅವಲಕ್ಕಿ ತಂದಿಟ್ಟರು. ದಿಲ್‌ಶಾದ್ ಮುಟ್ಟಲಿಲ್ಲ. ಪ್ಲಗ್ ಕಿತ್ತು, ನೆಲದ ಮೇಲೆ ಕೂತು ಪೆಟ್ಟಿಗೆಯ ಮುಚ್ಚಳ ತೆಗೆದರು.

"ಮೇಷ್ಟ್ರೆ, ಇದನ್ನ ಕೊಟ್ಟಿದ್ದು ಯಾರು?"

"ಹೇಳಿದ್ನಲ್ಲ, ಬೆಳಗಾವಿ ಗೆಳೆಯರು."

"ಅವ್ರಿಗೆ ನೀವು ಏನ್ ಕೊಟ್ರಿ?"

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ನನ್ ಸೆಟ್ ನೋಡಿದೆ ಮೇಷ್ಟ್ರೆ. ಜಗಳೂರು ಕಡೆಯೋರು ರಿಪೇರಿಗೆ ಅಂತ ನನ್ ಮೇಜಿನ ಮ್ಯಾಲೆ ತಂದಿಟ್ಟಿದ್ರು. ನನ್ ಗಂಟು ನಂಗೆ ಗೊತ್ತಾಗಲ್ವಾ?"

ಹಜಾರದಲ್ಲಿ ಮೇಷ್ಟ್ರ ಹೆಂಡತಿ ಪಾತ್ರೆ ಎತ್ತುವ ಸದ್ದು ನಿಂತಿತು. ಮೇಷ್ಟ್ರು ಆ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಬೇರೆ ಸೆಟ್ ತಂದು ನಿಂಗೆ ಕೊಡೋಣ ಅಂತಲೇ ಇದ್ದೆ ತಂಗೀ. ನನ್ನ ದನಿ ಆಗ ದೂರಕ್ಕೆ ಮುಟ್ತಾ ಇರಲಿಲ್ಲ. ನೀನು ಹೆಚ್ಚಾಗಿ ಕೇಳಿಸ್ಕೊಳ್ತಿದ್ದೆ, ಮಾತಾಡ್ತಿದ್ದದ್ದು ಕಡಿಮೆ. ಸ್ವಲ್ಪ ದಿನ ನಡೀತದೆ ಅಂದ್ಕೊಂಡೆ. ಅಷ್ಟರಲ್ಲಿ ಹೊಳೆ ಬಂತು. ಬಾಯಿಗೆ ಆ ಮಾತು ಬಂದುಬಿಡ್ತು."

"ಒಂದ್ಸಲ ಬಂತು, ಸರಿ. ಸಭೇಲಿ ಶಾಲು ಹೊದಿಸ್ತಾ ಹೇಳಿದ್ರಲ್ಲ, ವರ್ಷಾ ವರ್ಷಾ ಹೇಳಿದ್ರಲ್ಲ, ಅದು?"

ಮೇಷ್ಟ್ರು ಕನ್ನಡಕ ಮಡಚಿ ಜೇಬಿಗೆ ಹಾಕಿಕೊಂಡರು.

"ಸೆಟ್ ಕೇಳಿದ್ರೆ ನಾನೇ ಕೊಡ್ತಿದ್ದೆ," ಅಂದರು ದಿಲ್‌ಶಾದ್. "ಕದಿಯಾಕೆ ಏನ್ ಬಂದಿತ್ತು ನಿಮ್ಗೆ? ಜನ ನನಗೋಸ್ಕರ ಎದ್ದು ನಿಂತಿದ್ರು ಮೇಷ್ಟ್ರೆ. ಸುಳ್ಳಿಗೆ ನಿಲ್ಲಿಸಿದ್ರಿ ನನ್ನ."

ಮಾತಾಡುತ್ತಲೇ, ಅಭ್ಯಾಸಬಲದಿಂದ, ಚೀಲದಿಂದ ಬಿದಿರು ಕೋಲು ತೆಗೆದರು. ಅದರ ತುದಿಗೆ ತಾಮ್ರದ ಕೊಕ್ಕೆ, ಕೊಕ್ಕೆಗೆ ಅರ್ಥ್ ವೈರು. ಇಂಥ ಪೆಟ್ಟಿಗೆಗಳಲ್ಲಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಎರಡು ಸಾವಿರ ವೋಲ್ಟ್ ಹಿಡಿದುಕೊಂಡಿರುತ್ತವೆ. ಅದನ್ನು ನಿಮಿಷದೊಳಗೆ ಇಳಿಸಿಬಿಡಲೆಂದೇ ಬ್ಲೀಡರ್ ಅನ್ನುವ ರೆಸಿಸ್ಟರುಗಳನ್ನು ಹಾಕಿರುತ್ತಾರೆ. ಇಳಿದಿದೆಯೋ ಇಲ್ಲವೋ ಅಂತ ಕೋಲಿನಿಂದ ಮುಟ್ಟಿ ನೋಡದೆ ಕೈ ಹಾಕಬಾರದು. ಬ್ಲೀಡರ್ ಸರಿಯಿದ್ದರೆ ಕೋಲು ಮುಟ್ಟಿಸಿದಾಗ ಏನೂ ಆಗಬಾರದು.

ಕೋಲು ಮುಟ್ಟಿದ್ದೇ ತಡ, ಪಟಾಕಿಯಂಥ ಸದ್ದು ಬಂದು ನೀಲಿ ಬೆಂಕಿ ಚಿಮ್ಮಿತು. ಇಬ್ಬರೂ ಬೆಚ್ಚಿಬಿದ್ದರು.

ಬ್ಲೀಡರ್ ಕಡಿದುಹೋಗಿತ್ತು.

"ನೀವು ಇದನ್ನ ಬಿಚ್ಚಿದ್ರಾ?"

"ನಿನ್ನೆ ಬಿಚ್ಚಿದ್ದೆ. ವಾಲ್ವ್ ಅಲ್ಲಾಡಿಸಿ ನೋಡೋಣ ಅಂತಿದ್ದೆ, ಅಷ್ಟರಲ್ಲಿ ಯಾರೋ ಕರೆದರು, ಹಾಗೇ ಮುಚ್ಚಿಟ್ಟೆ." ಮೇಷ್ಟ್ರ ಮುಖ ಬಿಳಿಚಿಕೊಂಡಿತು.

ದಿಲ್‌ಶಾದ್ ಒಂದು ಕ್ಷಣ ಕೋಲು ಹಿಡಿದು ಹಾಗೇ ಕೂತರು. ಎದ್ದು ಹೋಗಿಬಿಡಬೇಕೆಂದೇ ಬಂದಿದ್ದರು. ಆದರೆ ಈ ಪೆಟ್ಟಿಗೆಯನ್ನು ಹೀಗೇ ಬಿಟ್ಟರೆ ಇವತ್ತಲ್ಲ ನಾಳೆ ಈ ಮನುಷ್ಯ ಕೈ ಹಾಕುತ್ತಾನೆ. ಚೀಲದಲ್ಲಿ ಬೇಕಾದ ರೆಸಿಸ್ಟರುಗಳಿದ್ದವು. ಹಳೆಯವನ್ನು ಕಿತ್ತು ಹೊಸವನ್ನು ಬೆಸೆದರು. ಪ್ಲಗ್ ಹಾಕಿ, ತೆಗೆದು, ಮೀಟರಿನ ಮುಳ್ಳು ಸೊನ್ನೆಗೆ ಇಳಿಯುವವರೆಗೂ ಕಾದರು. ಕೋಲು ಮುಟ್ಟಿಸಿದರು. ಸದ್ದಿಲ್ಲ.

ಮೇಷ್ಟ್ರು ಕರೆದಿದ್ದ ಕಾರಣ ಬೇರೆಯೇ ಇತ್ತು. ಒಂದು ವಾಲ್ವ್ ಹತ್ತಿಕೊಳ್ಳುತ್ತಿರಲಿಲ್ಲ, ಅದರ ಬುಡದ ಹಿಡಿ ಸಡಿಲಾಗಿತ್ತು. ಇಕ್ಕಳದಿಂದ ಒತ್ತಿದರೆ ಐದು ನಿಮಿಷದ ಕೆಲಸ. ದಿಲ್‌ಶಾದ್ ಅದನ್ನು ನೋಡಿದರು, ಮುಟ್ಟಲಿಲ್ಲ. ಮುಚ್ಚಳ ಹಾಕಿ ಸ್ಕ್ರೂ ಬಿಗಿದರು.

"ಸಾಯೋದಿಲ್ಲ ಇನ್ನು. ಅಷ್ಟು ಮಾಡೀನಿ. ಇದು ಮಾತಾಡೋ ಹಂಗೆ ಮಾಡಾಕೆ ಬೇರೆಯೋರ್ನ ಕರೀರಿ." ಬಾಗಿಲಲ್ಲಿ ನಿಂತು ಮತ್ತೊಂದು ಮಾತು ಹೇಳಿದರು. "ಭಾನುವಾರ ನೆಟ್‌ನಾಗೆ ನಿಜ ಹೇಳ್ರಿ. ಅಷ್ಟು ಸಾಕು ನನಗೆ."

"ಹೇಳ್ತೀನಿ ತಂಗೀ," ಅಂದರು ಮೇಷ್ಟ್ರು.

ನೆಟ್ ಅಂದರೆ ಭಾನುವಾರ ಬೆಳಗ್ಗೆ ಸುತ್ತಲಿನ ಜಿಲ್ಲೆಗಳ ಹ್ಯಾಮ್‌ಗಳು ಒಂದೇ ಕಡೆ ಸೇರಿ, ಒಬ್ಬರಾದ ಮೇಲೊಬ್ಬರು ಮಾತಾಡುವ ಹೊತ್ತು. ಸರದಿ ನಡೆಸುವವರು ದಾವಣಗೆರೆಯ ವಿನಯ್ ಕುಮಾರ್. ಆ ಭಾನುವಾರ ಪೀರ್‌ಸಾಬರೂ ಸ್ಟೂಲ್ ಎಳೆದುಕೊಂಡು ಹೆಂಡತಿಯ ಪಕ್ಕ ಕೂತರು. ಮೇಷ್ಟ್ರ ದನಿ ಆಂಪ್ಲಿಫೈಯರ್ ಇಲ್ಲದೆ ಸಣ್ಣಗೆ ಬಂತು.

"ಗೆಳೆಯರೇ, ಒಂದು ಸಂತೋಷದ ಸುದ್ದಿ. ನಮ್ಮ ದಿಲ್‌ಶಾದ್ ತಂಗಿಯ ಸೆಟ್, ಪ್ರವಾಹದಲ್ಲಿ ಹೋಗಿತ್ತಲ್ಲ, ಅದು ಜಗಳೂರಿನ ಕಡೆ ಒಬ್ಬರ ಹತ್ತಿರ ಸಿಕ್ಕಿದೆ. ತುಂಗಭದ್ರೆ ತಾನು ಒಯ್ದಿದ್ದನ್ನ ತಾನೇ ತಿರುಗಿ ಕೊಟ್ಟಳು ಅಂತ ಹೇಳಬೇಕು."

ಪೀರ್‌ಸಾಬರು ಸ್ಟೂಲಿನಿಂದ ಎದ್ದುಬಿಟ್ಟರು. ರೇಡಿಯೊದಲ್ಲಿ ಅಭಿನಂದನೆಗಳು ಒಂದರ ಮೇಲೊಂದು ಬಂದವು. ಶುಭಾಶಯ ಅಕ್ಕಾ, ಅಲ್ಲಾಹು ದೊಡ್ಡವನು ಅಕ್ಕಾ, ಹೊಳೆ ತಾಯಿ ದೊಡ್ಡವಳು ಅಕ್ಕಾ. ತಮ್ಮ ಸರದಿ ಬರುವವರೆಗೂ ದಿಲ್‌ಶಾದ್ ಮೈಕ್ ಹಿಡಿದು ಕೂತರು. ಬಂದಾಗ ತಮ್ಮ ಸಂಕೇತ ಹೇಳಿ, ನಿಧಾನವಾಗಿ ಮಾತಾಡಿದರು.

"ಆ ಸೆಟ್ ಹೊಳಿಗೆ ಹೋಗೇ ಇರಲಿಲ್ಲ. ನಾನೇ ಬಿಚ್ಚಿ ನೋಡೀನಿ, ಒಳಗೆ ಒಂದು ಕಣ ಮಣ್ಣಿಲ್ಲ. ಪ್ರವಾಹಕ್ಕೆ ಎರಡು ತಿಂಗ್ಳು ಮುಂಚೆನೇ ಮೇಷ್ಟ್ರು ಅದನ್ನ ಕೊಟ್ಟು ತಮ್ಮ ಆಂಪ್ಲಿಫೈಯರ್ ತಂದಿದ್ರು. ಇಷ್ಟ್ ವರ್ಷ ನೀವೆಲ್ಲ ನನಗೆ ಚಪ್ಪಾಳೆ ಹೊಡೆದ್ರಿ. ಅದು ನನಗೆ ಸೇರಿದ್ದಲ್ಲ. ಮುಗೀತು."

ಗಾಳಿಯಲ್ಲಿ ಬರೀ ಸರಸರ ಸದ್ದು. ಆಮೇಲೆ ವಿನಯ್ ಕುಮಾರ್ ದನಿ, ಏನೂ ಆಗಿಲ್ಲವೆನ್ನುವಂತೆ: "ಸರಿ ಅಕ್ಕಾ, ಧನ್ಯವಾದ. ಮುಂದಿನ ಸ್ಟೇಷನ್ ಯಾರಿದೀರಿ, ಬನ್ನಿ." ಮುಂದಿನವರು ಬಂದು ತಮ್ಮೂರಿನ ಹವಾಮಾನ ಹೇಳಿದರು.

ಮಧ್ಯಾಹ್ನ ವಿನಯ್ ಕುಮಾರ್ ಫೋನ್ ಮಾಡಿದರು.

"ಅಕ್ಕಾ, ನೆಟ್‌ನಲ್ಲಿ ಅದನ್ನ ಹೇಳಬಾರದಿತ್ತು. ವಯಸ್ಸಾದೋರು. ನಮ್ಮಲ್ಲೇ ಕೂತು ಮಾತಾಡಬಹುದಿತ್ತು."

"ನಿಮಗೆ ಗೊತ್ತಿತ್ತಾ?"

"ಬೆಳಗಾವಿಗೆ ನನ್ನ ಕಾರಲ್ಲೇ ಹೋಗಿದ್ವಿ. ಸೆಟ್ ನಿಮ್ಮದು ಅಂತ ಆಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ಸಭೆಯಲ್ಲಿ ಎಲ್ಲಾ ಆಗಿಹೋಗಿತ್ತು. ಹೇಳಿ ನಿಮಗೆ ಯಾಕೆ ನೋವು ಕೊಡೋದು ಅಂತ..."

ದಿಲ್‌ಶಾದ್ ಫೋನ್ ಇಟ್ಟರು. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತು, ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದವರು ಈ ವಿನಯ್ ಕುಮಾರರೇ. ಮೇಷ್ಟ್ರು ಹೇಳಿದ ಸುಳ್ಳಿಗಿಂತ ಆ ಚಪ್ಪಾಳೆ ಅವರನ್ನು ಹೆಚ್ಚು ಇರಿಯಿತು. ಅಂದು ಊಟ ಮಾಡಲಿಲ್ಲ. ಪೀರ್‌ಸಾಬರೂ ಒತ್ತಾಯಿಸಲಿಲ್ಲ, ತಟ್ಟೆ ಮುಚ್ಚಿಟ್ಟು ಪಕ್ಕದಲ್ಲೇ ಕೂತರು.

ಆಮೇಲೆ ಮೇಷ್ಟ್ರು ಎರಡು ಸಲ ಫೋನ್ ಮಾಡಿದರು, ಇವರು ಎತ್ತಲಿಲ್ಲ. ಭಾನುವಾರದ ನೆಟ್ಟಿಗೂ ಹೋಗುವುದು ಬಿಟ್ಟರು. ಸೆಟ್ಟುಗಳು ಬರುವುದು ಕಡಿಮೆಯಾಯಿತು. ದಾವಣಗೆರೆ ಕಡೆಯಿಂದಂತೂ ನಿಂತೇಹೋಯಿತು. ಉಡುಪಿಯಿಂದ, ಮೈಸೂರಿನಿಂದ ಬರುವವು ಬರುತ್ತಿದ್ದವು.

ಫೆಬ್ರವರಿಯಲ್ಲಿ ಸೂರಗೊಂಡನಕೊಪ್ಪದಲ್ಲಿ ನಡೆಯುವ ಬಂಜಾರರ ಸಂತ ಸೇವಾಲಾಲ್ ಜಯಂತಿಗೆ ಸಾವಿರಾರು ಜನ ಮಾಲೆ ಹಾಕಿಕೊಂಡು ನಡೆದು ಬರುತ್ತಾರೆ. ಆ ಗದ್ದಲದಲ್ಲಿ ಮೊಬೈಲ್ ಸರಿಯಾಗಿ ಸಿಗುವುದಿಲ್ಲ. ತಪ್ಪಿಸಿಕೊಂಡವರನ್ನು ಹುಡುಕಿಕೊಡಲು ಕೆಲವು ಹ್ಯಾಮ್‌ಗಳು ಅಲ್ಲಿ ನಿಲ್ಲುತ್ತಾರೆ. ಶಿವಮೊಗ್ಗದ ಕಾಲೇಜಿನಲ್ಲಿ ಪಾಠ ಮಾಡುವ ಗಂಗೋತ್ರಿ ಈ ಸಲ ಅದಕ್ಕೆ ಒಪ್ಪಿಕೊಂಡಿದ್ದರು. ಕೈಯಲ್ಲಿ ಹಿಡಿದು ಮಾತಾಡುವ ಎರಡು ಚಿಕ್ಕ ಸೆಟ್ ಬೇಕೆಂದು ಕೇಳಿಕೊಂಡು ನ್ಯಾಮತಿಗೆ ಬಂದರು.

"ಮೂರು ದಿನ ಸಾಕು ಅಕ್ಕಾ. ಭಾನುವಾರ ನಾನೇ ತಂದು ಕೊಡ್ತೀನಿ."

ದಿಲ್‌ಶಾದ್ ಸೆಟ್ಟುಗಳನ್ನು ಮೇಜಿನ ಮೇಲಿಟ್ಟರು. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು, ಪೆನ್ನಿನ ಜೊತೆ ಮುಂದೆ ತಳ್ಳಿದರು.

"ಬೇಜಾರು ಮಾಡ್ಕೋಬ್ಯಾಡ್ರಿ ಮೇಡಂ. ಯಾವ ಸೆಟ್ಟು, ಯಾವತ್ತು ಒಯ್ದ್ರಿ, ಯಾವತ್ತು ತರ್ತೀರಿ, ಬರ್ದು ಒಂದು ಸಹಿ ಹಾಕ್ರಿ."

ಇಪ್ಪತ್ತು ವರ್ಷದಲ್ಲಿ ಯಾರಿಂದಲೂ ಹೀಗೆ ಬರೆಸಿಕೊಂಡವರಲ್ಲ. ಬಾಗಿಲಲ್ಲಿ ನಿಂತಿದ್ದ ಪೀರ್‌ಸಾಬರು ಮುಖ ತಿರುಗಿಸಿ ಮೋಟಾರುಗಳ ಕಡೆ ನಡೆದರು.

ಗಂಗೋತ್ರಿ ಒಂಚೂರೂ ಬೇಸರಿಸಿಕೊಳ್ಳಲಿಲ್ಲ. "ಅಯ್ಯೋ, ಬರೆಸ್ಕೊಳ್ಳಲೇಬೇಕು ಅಕ್ಕಾ" ಅಂತ ನಕ್ಕು, ಮುತ್ತಿನಂಥ ಅಕ್ಷರದಲ್ಲಿ ಬರೆದು, ಫೋನ್ ನಂಬರೂ ಹಾಕಿ ಸಹಿ ಮಾಡಿದರು. ಆ ನಗು ನೋಡಿ ದಿಲ್‌ಶಾದ್ ಅವರಿಗೆ ನಾಚಿಕೆಯಾಯಿತು. ಹಾಳೆಯನ್ನು ಹರಿದುಬಿಡೋಣ ಅನ್ನಿಸಿತು. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಡ್ರಾಯರಿನಲ್ಲಿಟ್ಟು, ಗಂಗೋತ್ರಿಯವರನ್ನು ಬಸ್ಸಿನವರೆಗೂ ಕಳಿಸಿಬರಲು ಚಪ್ಪಲಿ ಮೆಟ್ಟಿದರು.